ಬರಗಾಲವೂ ನಮ್ಮ ಹೊಣೆಯೂ

ಮಳೆ ಬಾರದಿರುವುದು ದೈವಾಧೀನವಾಗಿರಬಹುದು. ಬಿದ್ದ ಮಳೆಯನ್ನು ಹರಿದುಹೋಗಗೊಡುವುದು ಮಾತ್ರ ಮನುಷ್ಯನ ಅಲಕ್ಷ್ಯವೇ ಸರಿ. ವಿಜಯಪುರದ ಸೀಮೆಯಿಂದ ಬದುಕನ್ನರಸಿ ಮುಂಬಯಿಗೆ ಬಂದ ಕುಟುಂಬಗಳ ಮಕ್ಕಳು ನಮ್ಮ ತರಗತಿಗಳಲ್ಲಿರುವರು. ಆದುದರಿಂದ ಬರಗಾಲದ ವಿಚಾರವು ನಮಗೆ ದೂರದ್ದಲ್ಲ.

1876–78ರ ಮಹಾಕ್ಷಾಮ, 1972ರ ಬರ, 2023ರ ಬರ - ಹೀಗೆ ಆ ಸೀಮೆಯು ಮೇಲಿಂದ ಮೇಲೆ ಬರಕ್ಕೆ ತುತ್ತಾಗಿದೆ. ಮರಳಿ ಮರಳಿ ಬರುವುದನ್ನು ಆಕಸ್ಮಿಕವೆನ್ನಲಾಗದು. ಬರ ಬಂದ ಮೇಲೆ ಪರಿಹಾರ ಹಂಚುವುದು ಅವಶ್ಯವೇ. ಆದರೆ ಬರವನ್ನೆದುರಿಸುವ ಸಿದ್ಧತೆ ನಡೆಯತಕ್ಕದ್ದು ಮಳೆ ಬಂದ ವರ್ಷದಲ್ಲಿ.

ಅಲ್ಲಿಯ ಎರೆಭೂಮಿಯೇ ಒಂದು ಜಲಾಶಯ. ಆಳವಾದ ಕರಿಮಣ್ಣು ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಿ, ಹೊಲದೊಳಗೆ ಚೌಕುಮಡಿಗಳನ್ನು ಕಟ್ಟಿದರೆ ಮಳೆಯ ನೀರು ನಿಂತು ಇಂಗುತ್ತದೆ, ಮಣ್ಣೂ ಕೊಚ್ಚಿಹೋಗುವುದಿಲ್ಲ. ಆ ತೇವದ ಬಲದಿಂದಲೇ ಹಿಂಗಾರಿ ಜೋಳ, ಕಡಲೆ, ಕುಸುಬೆಗಳು ಬೆಳೆಯುವವು. ಸಾಲುಗಳ ನಡುವೆ ಎಡೆ ಹೊಡೆದರೆ ನೆಲದ ಬಿರುಕುಗಳು ಮುಚ್ಚಿ ತೇವವು ಬೇಗ ಆರದು. ಈ ಒಣಬೇಸಾಯವನ್ನು ಕುರಿತು ವಿಜಯಪುರ, ಸೊಲ್ಲಾಪುರಗಳಲ್ಲಿ 1930ರ ದಶಕದಿಂದಲೇ ಸಂಶೋಧನೆ ನಡೆದಿದೆ. ಅದರ ಫಲವು ಪ್ರತಿಯೊಂದು ಹೊಲವನ್ನೂ ತಲುಪಬೇಕಾಗಿದೆ.

ಆದರೆ ನೀರನ್ನು ಕೂಡಿಸಿದರೆ ಸಾಲದು. ಖರ್ಚಿಗೂ ಲೆಕ್ಕ ಬೇಕು. ಈಗ ಅಹಿಲ್ಯಾನಗರವೆನಿಸಿದ ಅಹಮದನಗರ ಜಿಲ್ಲೆಯ ಹಿವರೆ ಬಜಾರಿನಲ್ಲಿ, 1989ರಲ್ಲಿ ಪೋಪಟರಾವ್ ಪವಾರರು ಸರಪಂಚರಾದ ಮೇಲೆ, ಗ್ರಾಮಸ್ಥರು ಗುಡ್ಡಗಳಲ್ಲಿ ನೀರಿಂಗಿಸಿದರು. ಅಷ್ಟಕ್ಕೇ ನಿಲ್ಲದೆ, ಬೇಸಾಯಕ್ಕಾಗಿ ಕೊಳವೆ ಬಾವಿ ಕೊರೆಯುವುದನ್ನೂ ಕಬ್ಬಿನಂತಹ ಹೆಚ್ಚು ನೀರು ಬೇಡುವ ಬೆಳೆಗಳನ್ನೂ ನಿಷೇಧಿಸಿದರು. ಅಲ್ಲಿ ಮಳೆಯನ್ನು ಅಳೆದು, ಕುಡಿಯುವ ನೀರನ್ನು ಮೊದಲು ತೆಗೆದಿರಿಸಿ, ಉಳಿದುದಕ್ಕೆ ತಕ್ಕ ಬೆಳೆಯನ್ನು ಊರವರು ಕೂಡಿ ನಿಶ್ಚಯಿಸುವ ಪದ್ಧತಿ ಬೆಳೆಯಿತು. ಹೊಟ್ಟೆಪಾಡಿಗಾಗಿ ಊರು ಬಿಟ್ಟಿದ್ದ ಅನೇಕ ಕುಟುಂಬಗಳು ಮರಳಿ ಬಂದವು.

ಕಬ್ಬು ತರುವಷ್ಟು ಹಣವನ್ನು ಜೋಳ ತಾರದೆಂಬ ರೈತನ ಮಾತನ್ನು ತಳ್ಳಿಹಾಕಲಾಗದು. ಸಂಯಮವನ್ನು ಅವನೊಬ್ಬನಿಂದಲೇ ಬಯಸುವುದು ನ್ಯಾಯವಲ್ಲ. ಜೋಳ, ಕಡಲೆಗಳನ್ನು ಘೋಷಿತ ಬೆಂಬಲ ಬೆಲೆಗೆ ತಪ್ಪದೆ ಕೊಳ್ಳುವ ಹೊಣೆ ಸರಕಾರದ್ದು; ಜೋಳದ ರೊಟ್ಟಿಯನ್ನು ಬಡವರ ಊಟವೆಂದು ಕಡೆಗಣಿಸದಿರುವ ಹೊಣೆ ನಗರವಾಸಿಗಳಾದ ನಮ್ಮದು.

ವಿದ್ಯಾರ್ಥಿ ಮಿತ್ರರೇ, ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಹೊಲದ ಒಡ್ಡು ಎಲ್ಲಿ ಒಡೆದಿದೆ ನೋಡಿರಿ. ಊರಿನ ನೀರಿನ ಲೆಕ್ಕವನ್ನು ಹಿರಿಯರಲ್ಲಿ ಕೇಳಿರಿ. ಮಳೆಗಾಲಕ್ಕೆ ಮುನ್ನ ಸರಿಪಡಿಸಿದ ಒಂದು ಒಡ್ಡು, ಬರ ಬಂದ ಮೇಲೆ ಬರೆದ ನೂರು ಅರ್ಜಿಗಳಿಗಿಂತ ಮೇಲು.