ಪಟ್ಟಿಯ ಗುರುತು ಮತ್ತು ಪ್ರಾಣದ ಲೆಕ್ಕ

ದಾಸ್ತಾನು ಪುಸ್ತಕ ತಾಳೆಯಾದ ಮಾತ್ರಕ್ಕೆ ಗೋದಾಮಿನಲ್ಲಿ ಮಾಲು ಇದೆಯೆಂದು ಯಾವ ವರ್ತಕನೂ ನಂಬುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಮೂಟೆಗಳನ್ನು ಎಣಿಸಿಯೇ ತೀರುತ್ತಾನೆ. ಅದೇ ವರ್ತಕ ಧರ್ಮಾರ್ಥ ಆಸ್ಪತ್ರೆಯೊಂದರ ಆಡಳಿತ ಮಂಡಳಿಯಲ್ಲಿ ಕುಳಿತಾಗ ಮಾತ್ರ ಹಾಸಿಗೆಗಳ ಸಂಖ್ಯೆ, ಹೊಸ ಯಂತ್ರದ ಬೆಲೆ, ಗೋಡೆಯ ಮೇಲಿನ ಪ್ರಮಾಣಪತ್ರ ಇಷ್ಟಕ್ಕೇ ತೃಪ್ತನಾಗುವುದು ವಿಚಿತ್ರ. ಪುರಾವೆ ಆಧಾರಿತ ಶುಶ್ರೂಷೆ ಎಂಬ ಪದ್ಧತಿಯ ತಿರುಳು ಮೂಟೆ ಎಣಿಸುವ ಈ ಕೆಲಸವೇ ಆಗಿದೆ. ದಾದಿಯ ಅನುಭವಕ್ಕೂ ರೋಗಿಯ ಇಚ್ಛೆಗೂ ಅಲ್ಲಿ ಸ್ಥಾನವುಂಟು. ಆದರೆ ಕೇವಲ ರೂಢಿಗೆ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು ಸುರಕ್ಷಿತ ಹೆರಿಗೆಗಾಗಿ ರೂಪಿಸಿದ ತಪಾಸಣಾ ಪಟ್ಟಿಯ ಇತಿಹಾಸವನ್ನು ಈ ದೃಷ್ಟಿಯಿಂದ ನೋಡಬೇಕು. ಕೈ ತೊಳೆಯುವುದು, ತಾಯಿಯ ರಕ್ತದೊತ್ತಡ ನೋಡುವುದು, ಮಗುವಿನ ತೂಕ ಮಾಡುವುದು ಮುಂತಾದ ಸರಳ ಕ್ರಮಗಳು ಮರೆತುಹೋಗದಂತೆ ಮಾಡುವುದು ಅದರ ಉದ್ದೇಶ. 2010ರಲ್ಲಿ ಕರ್ನಾಟಕದ ತಾಲ್ಲೂಕು ಮಟ್ಟದ ಒಂದು ಹೆರಿಗೆ ಕೇಂದ್ರದಲ್ಲಿ ಅದನ್ನು ಪ್ರಯೋಗಿಸಿದಾಗ, 29 ಕ್ರಮಗಳ ಪೈಕಿ ಸರಾಸರಿ 10 ಮಾತ್ರ ನಡೆಯುತ್ತಿದ್ದಲ್ಲಿ 25 ನಡೆಯತೊಡಗಿದವು. ಇಷ್ಟು ಸಾಕೆಂದು ಪಟ್ಟಿಯನ್ನು ಮುದ್ರಿಸಿ ಊರೂರಿಗೆ ಹಂಚಬಹುದಾಗಿತ್ತು.

ಸಂಶೋಧಕರು ಅಲ್ಲಿಗೆ ನಿಲ್ಲಲಿಲ್ಲ. ಉತ್ತರ ಪ್ರದೇಶದ 120 ಆರೋಗ್ಯ ಕೇಂದ್ರಗಳನ್ನು ಆರಿಸಿ, 60ರಲ್ಲಿ ಪಟ್ಟಿಯನ್ನೂ ತರಬೇತಿಯನ್ನೂ ನೀಡಿ, ಉಳಿದ 60ನ್ನು ಎಂದಿನಂತೆ ಬಿಟ್ಟರು. ದೀಪಾವಳಿಯ ಮಾರಾಟ ಹೆಚ್ಚಿದ್ದು ಜಾಹೀರಾತಿನಿಂದಲೋ ಹಬ್ಬದಿಂದಲೋ ತಿಳಿಯಬೇಕಾದರೆ ಜಾಹೀರಾತು ಕೊಡದ ಅಂಗಡಿಯನ್ನೂ ನೋಡಬೇಕಲ್ಲವೇ? ಎರಡು ತಿಂಗಳ ನಂತರ ಪಟ್ಟಿ ಇದ್ದ ಕಡೆ ಶೇ. 73ರಷ್ಟು ಕ್ರಮಗಳೂ ಇಲ್ಲದ ಕಡೆ ಶೇ. 42ರಷ್ಟೂ ಪಾಲನೆಯಾಗುತ್ತಿದ್ದವು. ತರಬೇತುದಾರರ ಭೇಟಿ ನಿಂತ ಮೇಲೆ, ಹನ್ನೆರಡನೆಯ ತಿಂಗಳಿಗೆ, 73 ಎಂಬುದು 62ಕ್ಕೆ ಇಳಿಯಿತು. ಒಂದೂವರೆ ಲಕ್ಷಕ್ಕೂ ಮೀರಿದ ತಾಯಂದಿರ ಲೆಕ್ಕ ಹಾಕಿದಾಗ ಹೊರಬಿದ್ದದ್ದು ಇದು: ಹೆರಿಗೆಯ ಮೊದಲ ವಾರದಲ್ಲಿ ಮಗುವಿನ ಸಾವು, ತಾಯಿಯ ಸಾವು ಅಥವಾ ತಾಯಿಗೆ ತೀವ್ರ ತೊಡಕು ಪಟ್ಟಿ ಇದ್ದಲ್ಲಿ ಶೇ. 15.1, ಇಲ್ಲದಲ್ಲಿ ಶೇ. 15.3. ಅಂದರೆ ವ್ಯತ್ಯಾಸವೇ ಇಲ್ಲ.

2017ರಲ್ಲಿ ಈ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಲಾಯಿತು. ಹಣ ವ್ಯರ್ಥವಾಯಿತೆನ್ನುವುದು ಅವಸರದ ತೀರ್ಮಾನ. ನಷ್ಟವನ್ನು ನಷ್ಟವೆಂದೇ ತೋರಿಸಿದ ಆಢಾವೆ ಪತ್ರಿಕೆಯೇ ಸಾಲ ಕೊಡುವವನಿಗೆ ಉಪಯುಕ್ತ. ಪಟ್ಟಿಯಲ್ಲಿ ಹಾಕಿದ ಗುರುತು ಬೀರುವಿನಲ್ಲಿ ಇಲ್ಲದ ಔಷಧಿಯನ್ನು ತರಲಾರದು. ರಾತ್ರಿ ಪಾಳಿಗೆ ಎರಡನೆಯ ದಾದಿಯನ್ನು ನೇಮಿಸಲಾರದು. ರಕ್ತಸ್ರಾವವಾಗುತ್ತಿರುವವಳನ್ನು ದೊಡ್ಡಾಸ್ಪತ್ರೆಗೆ ಒಯ್ಯುವ ವಾಹನವನ್ನೂ ಒದಗಿಸಲಾರದು. ಗುಣಮಟ್ಟದ ಪ್ರಮಾಣಪತ್ರಕ್ಕಾಗಿ ಕಡತ ತುಂಬಿಸಿದ ಕಾರ್ಖಾನೆಯಲ್ಲಿ ವಾಪಸು ಬರುವ ಮಾಲು ಕಡಿಮೆಯಾಗದಿರುವುದನ್ನು ಕಂಡ ಉದ್ಯಮಿಗೆ ಇದು ಹೊಸ ಸಂಗತಿಯೇನಲ್ಲ.

ಆದ್ದರಿಂದ ಆಸ್ಪತ್ರೆಗಳಿಗೆ ದೇಣಿಗೆ ಕೊಡುವ ವಾಣಿಜ್ಯ ಸಮುದಾಯವು ಯಂತ್ರದ ಉದ್ಘಾಟನೆಗೆ ಮುನ್ನ ಪ್ರತಿ ತಿಂಗಳ ಕೆಲವು ಅಂಕಿಗಳನ್ನು ಕೇಳುವುದು ಉಚಿತ: ಶಸ್ತ್ರಚಿಕಿತ್ಸೆಯ ಗಾಯಕ್ಕೆ ಸೋಂಕು ಎಷ್ಟು ಮಂದಿಗೆ ತಗಲಿತು, ಹಾಸಿಗೆ ಹುಣ್ಣು ಎಷ್ಟು ಮಂದಿಗಾಯಿತು, ಒಬ್ಬ ದಾದಿಯ ಪಾಲಿಗೆ ಎಷ್ಟು ರೋಗಿಗಳಿದ್ದರು. ಈ ಲೆಕ್ಕವನ್ನು ಈಗಾಗಲೇ ದಣಿದಿರುವ ದಾದಿಯ ತಲೆಗೇ ಕಟ್ಟಬಾರದು. ನಗದು ಹಿಡಿಯುವವನ ಕೈಗೆ ನಗದು ಪುಸ್ತಕ ಕೊಡದಿರುವ ನಿಯಮ ಇಲ್ಲಿಗೂ ಸಲ್ಲುತ್ತದೆ. ವಾರ್ಡಿನ ಹೊಣೆಯಿಲ್ಲದ ಬೇರೊಬ್ಬರು ಅದನ್ನು ಬರೆಯಬೇಕು, ಅವರ ಸಂಬಳವೂ ದೇಣಿಗೆಯಲ್ಲಿ ಸೇರಿರಬೇಕು.