ರಾಚ್‌ಡೇಲ್‌ನ ಇಬ್ಬರು ಸ್ಟ್ರೈಕರ್‌ಗಳು

2013ರ ಆಗಸ್ಟ್ 14ರಂದು ವೆಂಬ್ಲಿಯಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ 2-2ರಲ್ಲಿ ಸಮನಾಗಿದ್ದಾಗ ವೇಯ್ನ್ ರೂನಿ ಬದಲಿಗೆ ರಿಕಿ ಲ್ಯಾಂಬರ್ಟ್ ಮೈದಾನಕ್ಕಿಳಿದರು. ವಯಸ್ಸು 31, ದೇಶದ ಪರ ಮೊದಲ ಪಂದ್ಯ. ಲೈಟನ್ ಬೇನ್ಸ್ ಒದ್ದ ಕಾರ್ನರ್ ಕಿಕ್‌ಗೆ ಎಗರಿ ತಲೆ ಕೊಟ್ಟರು. ಚೆಂಡನ್ನು ಮೊದಲ ಸಲ ಮುಟ್ಟಿದ್ದೇ ಗೆಲುವಿನ ಗೋಲಾಯಿತು. ಅಲ್ಲಿಂದ ಅವರ ಬಗ್ಗೆ ಎಲ್ಲರೂ ಹೇಳುವುದು ಒಂದೇ ಕಥೆ: ಹದಿನೈದರ ಹರೆಯದಲ್ಲೇ ಲಿವರ್‌ಪೂಲ್ ಕೈಬಿಟ್ಟಿತು, ಬ್ಲ್ಯಾಕ್‌ಪೂಲ್ ಕೂಡ ಬೇಡವೆಂದಿತು, ಬೀಟ್‌ರೂಟ್ ಕಾರ್ಖಾನೆಯಲ್ಲಿ ಬಾಟಲಿಗಳಿಗೆ ಮುಚ್ಚಳ ತಿರುಗಿಸುತ್ತ ದಿನ ದೂಡಿದರು, ಛಲ ಬಿಡದೆ ಮೇಲೆ ಬಂದರು. ಇದು ಸುಳ್ಳಲ್ಲ. ಆದರೆ ಇಷ್ಟಕ್ಕೇ ನಿಲ್ಲುವ ಕಥೆ ಅವರನ್ನು ಅಷ್ಟು ವರ್ಷ ಕೆಳಗೇ ಬಿಟ್ಟವರನ್ನು ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ.

2005ರ ರಾಚ್‌ಡೇಲ್ ತಂಡವನ್ನೇ ನೋಡಿ. ಮ್ಯಾಂಚೆಸ್ಟರ್ ಪಕ್ಕದ ಊರು, ಆಡುತ್ತಿದ್ದದ್ದು ನಾಲ್ಕನೇ ಹಂತದ ಲೀಗ್ ಟುನಲ್ಲಿ. ಅಲ್ಲಿ ಲ್ಯಾಂಬರ್ಟ್ ಜೊತೆಗಾರ ಗ್ರಾಂಟ್ ಹೋಲ್ಟ್. ಟೈರ್ ಕಾರ್ಖಾನೆಯಲ್ಲಿ ದುಡಿದು, ಸಿಂಗಾಪುರದಲ್ಲೂ ಆಡಿ ಬಂದಿದ್ದವರು. 2011-12ರಲ್ಲಿ ಹೋಲ್ಟ್ ನಾರ್ವಿಚ್ ಪರ ಪ್ರೀಮಿಯರ್ ಲೀಗ್‌ನಲ್ಲಿ 15 ಗೋಲು ಹೊಡೆದರು. ಮರುವರ್ಷ ಸೌತಾಂಪ್ಟನ್ ಪರ ಲ್ಯಾಂಬರ್ಟ್ ಹೊಡೆದದ್ದೂ 15. ಒಂದೇ ಸಣ್ಣ ತಂಡದ ಮುಂಚೂಣಿಯ ಇಬ್ಬರನ್ನೂ ದೊಡ್ಡ ಕ್ಲಬ್‌ಗಳು ಗುರುತಿಸಲಿಲ್ಲ ಎಂದರೆ ಅದನ್ನು ಆಕಸ್ಮಿಕ ಎನ್ನುವುದು ಕಷ್ಟ.

ಕೆಳಹಂತದಲ್ಲಿ ರಾಶಿ ಗೋಲು ಹೊಡೆದು ಮೇಲೆ ಬಂದು ಸೋತವರು ಬೇಕಾದಷ್ಟು ಮಂದಿ ಇದ್ದಾರಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಮೇಲಿನ ಹಂತದ ರಕ್ಷಕರು ಸ್ಟ್ರೈಕರ್‌ಗೆ ಯೋಚಿಸಲು ಸಮಯ ಕೊಡುವುದಿಲ್ಲ. ಬರೀ ಓಟವನ್ನು ನಂಬಿದವರು ಅಲ್ಲಿ ಬೇಗ ಬಯಲಾಗುತ್ತಾರೆ. ಲ್ಯಾಂಬರ್ಟ್ ಓಟವನ್ನು ನಂಬಿದವರೇ ಅಲ್ಲ. ಗೋಲಿಗೆ ಬೆನ್ನು ಹಾಕಿ ನಿಂತು, ಹಿಂದಿನಿಂದ ತಳ್ಳುವ ರಕ್ಷಕನನ್ನು ಮೈಯಿಂದಲೇ ತಡೆದು, ಓಡಿಬರುವ ಜೊತೆಗಾರನಿಗೆ ಚೆಂಡು ಇಳಿಸಿಕೊಡುವುದು ಅವರ ಕಸುಬು. ಪೆನಾಲ್ಟಿಯ ಹನ್ನೆರಡು ಗಜ ಯಾವ ಲೀಗ್‌ನಲ್ಲೂ ಬದಲಾಗುವುದಿಲ್ಲ. ಸೌತಾಂಪ್ಟನ್ ಪರ ಅವರು ಒದ್ದ 34 ಪೆನಾಲ್ಟಿಗಳಲ್ಲಿ ಒಂದೂ ತಪ್ಪಲಿಲ್ಲ. 2008-09ರಲ್ಲಿ ಬ್ರಿಸ್ಟಲ್ ರೋವರ್ಸ್‌ಗೆ ಲೀಗ್‌ನಲ್ಲಿ 29 ಗೋಲು, ಮರುವರ್ಷ ಸೌತಾಂಪ್ಟನ್‌ಗೆ 30. ಎರಡೂ ಮೂರನೇ ಹಂತದಲ್ಲೇ. ಸೌತಾಂಪ್ಟನ್‌ಗೆ ಬಂದ ಮೇಲೆ ಅವರ ದೇಹ ಹದಗೊಂಡಿತು, ಆಟ ಸುಧಾರಿಸಿತು ಎನ್ನುವುದೂ ನಿಜ. ಅದರಿಂದ ನನ್ನ ವಾದ ಬಿದ್ದುಹೋಗುವುದಿಲ್ಲ. ಒಳ್ಳೆಯ ತರಬೇತಿ ಸಿಕ್ಕಿದ ಕೂಡಲೇ ಅರಳಿದ್ದು 27ರಲ್ಲಾದರೆ, 22ರಲ್ಲೇ ಆ ತರಬೇತಿ ಏಕೆ ಸಿಗಲಿಲ್ಲ? ದೊಡ್ಡ ಕ್ಲಬ್‌ಗಳಿಗೆ ಎಳೆಯ ಆಟಗಾರನೆಂದರೆ ನಾಳೆ ಮಾರಿದರೆ ಲಾಭ ತರುವ ಆಸ್ತಿ. ಇಪ್ಪತ್ತೇಳರ, ನಿಧಾನಗತಿಯ ಸ್ಟ್ರೈಕರ್‌ನಲ್ಲಿ ಆ ಲಾಭ ಕಾಣುವುದಿಲ್ಲ. ಅವರು ಅಳೆಯುತ್ತಿರುವುದು ಆಟವನ್ನಲ್ಲ, ಮರುಮಾರಾಟದ ಬೆಲೆಯನ್ನು.

ಲ್ಯಾಂಬರ್ಟ್ ಕಲಿತ ಜಾಗಗಳ ಗತಿ ನೋಡಿದರೆ ಸಂಕಟವಾಗುತ್ತದೆ. ಕಾರ್ಖಾನೆಯಿಂದ ಅವರನ್ನು ಮತ್ತೆ ಮೈದಾನಕ್ಕೆ ಕರೆತಂದ ಮ್ಯಾಕಲ್ಸ್‌ಫೀಲ್ಡ್ ಟೌನ್ 2020ರಲ್ಲಿ ಸಾಲದಿಂದ ಮುಚ್ಚಿತು. ರಾಚ್‌ಡೇಲ್ 102 ವರ್ಷಗಳ ಬಳಿಕ 2023ರಲ್ಲಿ ಫುಟ್‌ಬಾಲ್ ಲೀಗ್‌ನಿಂದಲೇ ಹೊರಬಿತ್ತು. ಪ್ರೀಮಿಯರ್ ಲೀಗ್‌ನ ಟಿವಿ ಹಣದಲ್ಲಿ ಕೆಳಗಿನವರಿಗೆ ಎಷ್ಟು ಎಂಬ ಜಗಳ ವರ್ಷಗಳಿಂದ ನಡೆದಿದೆ. ಅದನ್ನು ಮೇಲಿನವರ ಔದಾರ್ಯದ ಪ್ರಶ್ನೆಯೆಂಬಂತೆ ಮಾತಾಡುತ್ತಾರೆ. ದೊಡ್ಡವರು ಬೇಡವೆಂದ ಆಟಗಾರನಿಗೆ ಸಂಬಳ ಕೊಟ್ಟು, ವಾರ ವಾರ ಆಡಿಸಿ, ವೆಂಬ್ಲಿಯ ಆ ಗೋಲಿಗೆ ತಯಾರು ಮಾಡಿದವರು ಈ ಊರುಗಳವರು. ಅವರು ಕೇಳುತ್ತಿರುವುದು ತಮಗೆ ಬರಬೇಕಾದ ಬಾಕಿಯನ್ನು.