ಮೂಳೆ ಕೂಡಿದ ಮೇಲೆ
ಬೈಕ್‌ನಿಂದ ಬಿದ್ದು ಕಾಲರ್ ಬೋನ್ ಮುರಿದುಕೊಂಡ ಅರಸೀಕೆರೆಯ ಹುಡುಗ ಮತ್ತೆ ಡರ್ಟ್ ಟ್ರ್ಯಾಕ್‌ಗೆ ಇಳಿಯಲೇ ಎಂದು ಕೇಳುತ್ತಾನೆ. ಬೆಂಗಳೂರಿನ ಬೈಕ್ ರೇಸರ್ ಐಶ್ವರ್ಯಾ ಪಿಸ್ಸೆ 2018ರಲ್ಲಿ ಸ್ಪೇನ್‌ನ ಬಾಹಾ ಎಂಬ ಕಚ್ಚಾ ಹಾದಿಯ ಸ್ಪರ್ಧೆಯಲ್ಲಿ ಬಿದ್ದು ಮೇದೋಜೀರಕ ಗ್ರಂಥಿಗೆ ಪೆಟ್ಟು ಮಾಡಿಕೊಂಡರು. ಮರುವರ್ಷವೇ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಕೇಳಿದರೆ ಯಾರಿಗಾದರೂ ಹುರುಪೇರುತ್ತದೆ. ಆದರೆ ಡಕಾರ್ ರ್‍ಯಾಲಿ ಪೂರೈಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ 2021ರಲ್ಲಿ ಸೌದಿಯಲ್ಲಿ ನಡೆದ ಅದೇ ರ್‍ಯಾಲಿಯಲ್ಲಿ ಬಿದ್ದಾಗ ತಲೆಗೇ ಪೆಟ್ಟಾಗಿತ್ತು; ವೈದ್ಯರು ಔಷಧಿ ಕೊಟ್ಟು ಕೋಮಾದಲ್ಲಿ ಇರಿಸಬೇಕಾಯಿತು. ಅವರ ಬೆನ್ನಿಗೆ ತಂಡವಿತ್ತು, ಹೆಲಿಕಾಪ್ಟರ್ ಇತ್ತು. ಹವ್ಯಾಸಿಯ ಬೆನ್ನಿಗೆ ಮನೆಯವರಷ್ಟೇ. ಮೂಳೆ ಕೂಡುತ್ತದೆ, ಆದರೆ ತಲೆಯ ಏಟು ಮಾಯುವ ಮೊದಲೇ ಇನ್ನೊಂದು ಬಿದ್ದರೆ ಜೀವಕ್ಕೇ ಕುತ್ತು. ನೀನು ಬಿದ್ದ ದಿನ ಪ್ರಜ್ಞೆ ತಪ್ಪಿತ್ತೇ? ತಮ್ಮಾ, ಅದನ್ನು ಮೊದಲು ಡಾಕ್ಟರಿಗೆ ಮುಚ್ಚುಮರೆಯಿಲ್ಲದೆ ಹೇಳು. ಅವರು ಒಪ್ಪಿದರೆ ಬೇಲೂರು-ಹಳೇಬೀಡು ರಸ್ತೆಯಲ್ಲಲ್ಲ, ಟ್ರ್ಯಾಕ್‌ನಲ್ಲೇ ನಿಧಾನವಾಗಿ ಶುರುಮಾಡು. ತೋಳು ಪೂರ್ತಿ ಎತ್ತಲು ಬರುವವರೆಗೆ ಸ್ಪರ್ಧೆಗೆ ಹೆಸರು ಕೊಡಬೇಡ.